ನಗಾರಿ ನಿಂತ ಮೇಲೆ

ಕಲ್ಲು ಸವೆಯುವುದಕ್ಕೆ ಬಹಳ ಮೊದಲೇ ಕಟ್ಟಡದ ಕೆಲಸ ತೀರಿಹೋಗುತ್ತದೆ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು ಇದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಊರವರು ಜಾಗ ಬಿಟ್ಟರು. ಮಳೆಗಾಲದಲ್ಲಿ ಹಿನ್ನೀರು ಹೊಕ್ಕು ಹೊರಡುವ ಆ ಕಮಾನುಗಳ ಕೆಳಗೆ ಈಗ ಪ್ರಾರ್ಥನೆಯಿಲ್ಲ. ಬೇಸಿಗೆಯಲ್ಲಿ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಬರುತ್ತವೆ. ಆಲಮಟ್ಟಿ, ನಾರಾಯಣಪುರದ ಹಿನ್ನೀರಿಗೆ ಹೊಲಮನೆ ಕೊಟ್ಟ ನಮ್ಮ ಸೀಮೆಯ ಮಂದಿಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕೆಲಸ ತೀರಿದ ಮನೆಗೆ ಇನ್ನೊಂದು ಕೆಲಸ ಸಿಗುವುದೂ ಉಂಟು. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ ಡೊಮಿನಿಕನ್ ಸನ್ಯಾಸಿಗಳ 13ನೇ ಶತಮಾನದ ಕ್ಯಾಥೋಲಿಕ್ ಚರ್ಚು 2006ರಿಂದ ಪುಸ್ತಕದಂಗಡಿ. ಅಷ್ಟು ದೂರ ಯಾಕೆ, ಸಿಂದಗಿಯಿಂದ ವಿಜಯಪುರದ ಬಸ್ಸು ಹತ್ತಿದರೆ ಸಾಕು. ಗೋಳಗುಮ್ಮಟದ ಮುಂದಿನ ನಗಾರಖಾನೆ ನಗಾರಿ, ಶಹನಾಯಿಗಳಿಗಾಗಿ ಎದ್ದದ್ದು. 1686ರಲ್ಲಿ ಔರಂಗಜೇಬನ ಸೈನ್ಯ ಊರು ಗೆದ್ದಿತು, ಆದಿಲಶಾಹಿ ಮುಗಿಯಿತು. ಇನ್ನೂರು ವರ್ಷ ಕಳೆದು, 1892ರಲ್ಲಿ ಅದೇ ಕಟ್ಟಡ ವಸ್ತುಸಂಗ್ರಹಾಲಯವಾಯಿತು. ಬಸದಿ ಕಳೆದುಕೊಂಡ ತೀರ್ಥಂಕರರು, ಓದುವವರನ್ನು ಕಳೆದುಕೊಂಡ ಪರ್ಷಿಯನ್ ಬರಹಗಳು, ಊರು ಬಿಟ್ಟು ಬಂದ ವೀರಗಲ್ಲುಗಳು ನಗಾರಿ ಕಳೆದುಕೊಂಡ ಮನೆಯಲ್ಲಿ ಕೂಡಿವೆ.

ಒಂದು ವೀರಗಲ್ಲಿನ ಮುಂದೆ ನಿಂತು ನೋಡಬೇಕು. ಕೆಳಗಿನ ಸಾಲಿನಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ, ತುದಿಗೆ ಸೂರ್ಯ ಚಂದ್ರ. ಅವರಿಬ್ಬರೂ ಇರುವ ತನಕ ಈ ಹೆಸರು ಇರಲಿ ಎಂಬುದು ಕೆತ್ತಿಸಿದವರ ಆಸೆ. ಸೂರ್ಯ ಚಂದ್ರರು ಇದ್ದಾರೆ, ಈ ಕಲ್ಲಿಗೆ ಎಣ್ಣೆ ಹಚ್ಚುತ್ತಿದ್ದ ಮನೆತನ ಇಲ್ಲ. ಆದರೂ ಶಾಲೆಯ ಹುಡುಗಿಯೊಬ್ಬಳು ಕಲ್ಲು ತೋರಿಸಿ "ಇಂವ ಯಾರ್ರೀ ಸರ?" ಎಂದು ಕೇಳುತ್ತಾಳೆ, ಆ ಕೇಳಿಕೆ ಆ ಮನೆತನ ಎಣಿಸದೆ ಇದ್ದದ್ದು.

ಅನಿತ್ಯವೆಂದರೆ ಹೋಗುವುದಷ್ಟೇ ಎಂದುಕೊಂಡು ನಾವು ಅಳುತ್ತೇವೆ. ಹೋದದ್ದು ಜಾಗ ಬಿಟ್ಟು ಹೋಗುತ್ತದೆ ಎಂಬುದನ್ನು ಮರೆಯುತ್ತೇವೆ. ಹಳೆಯ ಕೆಲಸವೇ ಮರಳಲಿ ಎಂದು ಬಾಗಿಲು ಹಾಕಿಟ್ಟ ಮನೆಯನ್ನು ಮಳೆ, ಗೆದ್ದಲು, ಆಲದ ಬೇರು ಒಳಗಿಂದಲೇ ತಿನ್ನುತ್ತವೆ. ಇಂಡಿ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ಕೀಲಿ ಹಾಕಿದ ವಾಡೆಗಳಿವೆ. ಅಲ್ಲಿ ಭಜನಾ ಮೇಳ ಕೂಡಲಿ, ಬಯಲಾಟದ ತಾಲೀಮು ನಡೆಯಲಿ, ಹುಡುಗರು ಕುಳಿತು ಓದಲಿ. ಕಟ್ಟಿಸಿದ ದೇಸಾಯರ ಹೆಸರು ಮರೆತರೂ ಮರೆಯಲಿ, ಮನೆ ಬದುಕಲಿ.