ಇಂದಿನ ಧಮ್ಮ ಚಿಂತನೆ: ಬಾಣಂತಿಯ ಫೋನು ಮತ್ತು ಆರೈಕೆಯ ಐದು ಗುಣ




ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಭಿಕ್ಖುವೊಬ್ಬರು ಹೊಟ್ಟೆ ಕೆಟ್ಟು ತಮ್ಮ ಮಲಮೂತ್ರದಲ್ಲೇ ಬಿದ್ದಿದ್ದರು. ಆನಂದರೊಡನೆ ಅತ್ತ ಬಂದ ಭಗವಾನ್ ಬುದ್ಧರು, ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಕೇಳಿದರು. ಇಲ್ಲ, ನನ್ನಿಂದ ಯಾರಿಗೂ ಉಪಯೋಗವಿಲ್ಲ, ಅದಕ್ಕೆ ಯಾರೂ ನೋಡುವುದಿಲ್ಲ ಎಂದರು ಆ ಭಿಕ್ಖು. ಬುದ್ಧರು ನೀರು ತರಿಸಿ ತಾವೇ ಸುರಿದರು, ಆನಂದರು ತೊಳೆದರು. ಒಬ್ಬರು ತಲೆ, ಒಬ್ಬರು ಕಾಲು ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘಕ್ಕೆ, ಆರೈಕೆ ಮಾಡುವವರಲ್ಲಿ ಇರಬೇಕಾದ ಐದು ಗುಣಗಳನ್ನು ಹೇಳಿದರು.

1. ಔಷಧ ಒದಗಿಸುವ ಶಕ್ತಿ ಇರಬೇಕು.
2. ಹಿತ ಯಾವುದು, ಅಹಿತ ಯಾವುದು ಎಂದು ತಿಳಿದಿರಬೇಕು.
3. ಲಾಭದಾಸೆಯಿಂದಲ್ಲ, ಮೈತ್ರಿಯ ಮನಸ್ಸಿನಿಂದ ಆರೈಕೆ ಮಾಡಬೇಕು.
4. ಮಲ, ಮೂತ್ರ, ವಾಂತಿಗೆ ಹೇಸಬಾರದು.
5. ಆಗಾಗ ಧಮ್ಮದ ಮಾತಾಡಿ ಧೈರ್ಯ ತುಂಬಬೇಕು.

ಬಾಣಂತಿ ರೋಗಿಯಲ್ಲ, ನಿಜ. ಆದರೆ ಅವಳಿಗೂ ಈ ಐದೂ ಬೇಕು. ಸಿದ್ಧಾರ್ಥರು ಹುಟ್ಟಿ ಏಳು ದಿನಕ್ಕೆ ತಾಯಿ ಮಹಾಮಾಯೆ ತೀರಿಕೊಂಡರು, ಎದೆಹಾಲು ಕೊಟ್ಟು ಸಾಕಿದವರು ಮಹಾಪ್ರಜಾಪತಿ ಗೌತಮಿ. ಆ ಮೊದಲ ದಿನಗಳು ಎಷ್ಟು ನಾಜೂಕು ಎಂಬುದು ನಮ್ಮ ಶಾಸ್ತಾರರ ಜೀವನದಲ್ಲೇ ಇದೆ.

ಹಿಂದೆ ಬಾಣಂತನಕ್ಕೆ ತವರಿತ್ತು. ಈಗ ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಬಾಡಿಗೆ ಮನೆಗಳಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ತವರು ದೂರ, ಆಪ್ ಹತ್ತಿರ. ಕೊನೆಯ ಮುಟ್ಟಿನ ಮೊದಲ ದಿನ ಹಾಕಿದರೆ 280 ದಿನ ಕೂಡಿಸಿ ಹೆರಿಗೆಯ ಅಂದಾಜು ದಿನ ತೋರಿಸುತ್ತದೆ. ಕಬ್ಬಿಣಾಂಶದ ಮಾತ್ರೆ ನೆನಪಿಸುತ್ತದೆ. ಕೂಸು ಹುಟ್ಟಿದ ಮೇಲೆ ಹಾಲು, ಮೂತ್ರ, ನಿದ್ದೆಯ ಲೆಕ್ಕ ಇಡುತ್ತದೆ. 6, 10, 14ನೇ ವಾರದ ಲಸಿಕೆಯ ದಿನ ಹೇಳುತ್ತದೆ. ಈ ಆಪನ್ನು ಬುದ್ಧರ ಐದು ಗುಣಗಳ ಮುಂದೆ ನಿಲ್ಲಿಸಿ ನೋಡೋಣ.

ಮೊದಲೆರಡರಲ್ಲಿ ಅದಕ್ಕೆ ಒಳ್ಳೆಯ ಅಂಕ ಕೊಡಬಹುದು. ಔಷಧ ಕೊಡದಿದ್ದರೂ ಹೊತ್ತಿಗೆ ಸರಿಯಾಗಿ ನೆನಪಿಸುತ್ತದೆ. ಬಾಣಂತಿ ನೀರು ಕುಡಿಯಬಾರದು, ಮೊದಲ ಹಳದಿ ಹಾಲು ಹಿಂಡಿ ಚೆಲ್ಲಬೇಕು ಎನ್ನುವ ಹಿರಿಯರು ಈಗಲೂ ಇದ್ದಾರೆ. ಬಾಯಾರಿದಷ್ಟೂ ನೀರು ಕುಡಿ, ಹೆರಿಗೆಯಾದ ಒಂದು ಗಂಟೆಯೊಳಗೆ ಎದೆಹಾಲು ಕೊಡು, ಆರು ತಿಂಗಳು ಅದೊಂದೇ ಸಾಕು ಎಂದು ಒಳ್ಳೆಯ ಆಪ್ ತಿದ್ದುತ್ತದೆ. ಹಿತ-ಅಹಿತ ತಿಳಿಸುವುದೂ ಧಮ್ಮದ ಕೆಲಸವೇ.

ಮೂರನೆಯದರಲ್ಲಿ ಎಚ್ಚರ ಬೇಕು. ಸರ್ಕಾರದ್ದಲ್ಲದ ಆಪ್‌ಗಳಲ್ಲಿ ಹಲವು ಜಾಹೀರಾತಿನಿಂದ ಬದುಕುತ್ತವೆ. ಡಬ್ಬಿ ಹಾಲು, ಹಾಲಿನ ಬಾಟಲಿಗಳ ಜಾಹೀರಾತನ್ನು ನಮ್ಮ ದೇಶದ 1992ರ ಕಾಯ್ದೆ ನಿಷೇಧಿಸಿದೆ. ಉಳಿದ ನೂರು ಸಾಮಾನುಗಳಿಗೆ ಆ ತಡೆಯಿಲ್ಲ. ಸಲಹೆ ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ಶುರುವಾಯಿತು ಎಂದು ಗಮನಿಸುವುದೂ ಸ್ಮೃತಿ.

ನಾಲ್ಕು ಮತ್ತು ಐದನೆಯ ಗುಣದ ಬಗ್ಗೆ ನಾನು ಕಂಡದ್ದನ್ನು ಹೇಳುತ್ತೇನೆ. ಕೆ.ಆರ್. ಪುರದ ನಮ್ಮ ಬೀದಿಯಲ್ಲಿ ಒಂದು ಚೊಚ್ಚಲ ಬಾಣಂತನ. ಕೂಸು ನೋಡಲು ಹೋದೆ. ಗಂಡ ತನ್ನ ಫೋನು ತೋರಿಸಿದ: "ನೋಡಿ ಟೀಚರ್, ಆಫೀಸಲ್ಲಿ ಕೂತೇ ಎಲ್ಲಾ ಗೊತ್ತಾಗುತ್ತೆ. ಹತ್ತು ಸಲ ಹಾಲು, ಏಳು ಸಲ ಒದ್ದೆ. ಎಲ್ಲಾ ನಾರ್ಮಲ್." ಅಂದು ಹದಿನಾಲ್ಕನೇ ದಿನ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ-ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ, ಒಟ್ಟು ಆರು ಸಲ ಮನೆಗೆ ಬಂದು ನೋಡಬೇಕು. ನಾನಿದ್ದಾಗಲೇ ಆಕೆ ಬಂದರು. ಕೂಸನ್ನು ತೂಗಿದರು, ಮೈ ಬಿಸಿ ನೋಡಿದರು. ಆಮೇಲೆ ತಾಯಿಯ ಪಕ್ಕ ಕೂತು ಕೇಳಿದರು: "ನೀನು ರಾತ್ರಿ ಎಷ್ಟು ಹೊತ್ತು ಮಲಗ್ತೀಯಮ್ಮ? ಊಟ ಸೇರುತ್ತಾ?"

ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಇಂದು ಹೇಗಿದ್ದೀರಿ ಎಂದು ಆಪ್ ದಿನವೂ ಕೇಳುತ್ತಿತ್ತಂತೆ. ಅವಳು ದಿನವೂ ನಗುವ ಮುಖ ಒತ್ತುತ್ತಿದ್ದಳಂತೆ. "ಅಳೋ ಮುಖ ಒತ್ತಿದ್ರೆ ಇವರ ಫೋನಿಗೂ ಹೋಗುತ್ತಲ್ಲ ಅಕ್ಕಾ. ಕೆಲಸದಲ್ಲಿ ಗಾಬರಿ ಆಗ್ತಾರೆ."

ಬಂಧುಗಳೇ, ಅದೇ ಮಹಾವಗ್ಗದಲ್ಲಿ ಬುದ್ಧರು ರೋಗಿಗೂ ಐದು ಗುಣ ಹೇಳಿದ್ದಾರೆ. ಅದರಲ್ಲೊಂದು, ತನ್ನ ಸ್ಥಿತಿಯನ್ನು ಇದ್ದದ್ದು ಇದ್ದ ಹಾಗೆ ಹೇಳುವುದು. ಆ ಹುಡುಗಿ ಸುಳ್ಳುಗಾರ್ತಿಯಲ್ಲ. ನಿಜ ಹೇಳಲು ಎದುರಿಗೊಂದು ಮುಖ ಬೇಕಿತ್ತು. ಮೈತ್ರಿಯಿಂದ ಕೇಳುವವರಿದ್ದರೆ ಮಾತ್ರ ನಿಜ ಬಾಯಿಗೆ ಬರುತ್ತದೆ.

ಗಂಡ ಒಳ್ಳೆಯವನೇ. ಅವನಿಗೆ ಕೂಸಿನ ಲೆಕ್ಕವೆಲ್ಲ ಗೊತ್ತಿತ್ತು, ಆ ಏಳು ಒದ್ದೆ ಬಟ್ಟೆಗಳನ್ನು ಬದಲಿಸಿದ ಕೈ ಎಷ್ಟು ಸೋತಿದೆ ಎಂಬುದು ಗೊತ್ತಿರಲಿಲ್ಲ. ಅಂದಿನಿಂದ ರಾತ್ರಿ ಹಾಲು ಕುಡಿಸಿದ ಮೇಲೆ ತೇಗು ತರಿಸುವುದು, ಬಟ್ಟೆ ಬದಲಿಸುವುದು, ತೊಳೆಯುವುದು ಅವನ ಪಾಲಿಗೆ ಬಂತು. ನಾಲ್ಕನೆಯ ಗುಣ ಅಂದರೆ ಇದೇ. ಡಾಕ್ಟರಿಗೂ ತೋರಿಸಿದರು. ಈಗ ಹುಡುಗಿ ಚೇತರಿಸಿಕೊಳ್ಳುತ್ತಿದ್ದಾಳೆ.

ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿ, ತಾಯಿಗೆ ಸಿಗುವ ವಿಶ್ರಾಂತಿ ರಾಷ್ಟ್ರದ ಹಿತ ಎಂಬ ವಾದ ಮಂಡಿಸಿದರು. ರಾಷ್ಟ್ರ ಕೊಡಬೇಕಾದ ವಿಶ್ರಾಂತಿಯಲ್ಲಿ ನಮ್ಮ ಮನೆಯ ಪಾಲೂ ಇದೆ.

ತಿಳಿದಿರಲಿ: ಹೆರಿಗೆಯ ನಂತರ ಕೆಲವು ದಿನ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೂ ದುಃಖ ಇಳಿಯದಿದ್ದರೆ ಅದು ಸೋಮಾರಿತನವಲ್ಲ, ದೃಷ್ಟಿಯೂ ಅಲ್ಲ. ಡಾಕ್ಟರನ್ನು ಕಾಣಬೇಕು. ತನಗೋ ಕೂಸಿಗೋ ಏನಾದರೂ ಮಾಡಿಬಿಡುವ ಯೋಚನೆ ಬಂದರೆ ಒಂದು ದಿನವೂ ಕಾಯಬಾರದು. ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ನಮ್ಮ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಅಗಲಿಸದೆ ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಕೂಸು ಹಾಲು ಚೀಪದಿದ್ದರೆ, ಮೈ ತಣ್ಣಗಾದರೆ, ಉಸಿರು ಜೋರಾದರೆ ಆಪ್ ನೋಡುತ್ತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಇಂದಿನ ಅಭ್ಯಾಸ: ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಒಬ್ಬ ಬಾಣಂತಿ ಇದ್ದರೆ ಇಂದು ಹೋಗಿ. ಕೂಸನ್ನು ನೋಡುವ ಮೊದಲು ತಾಯಿಯ ಮುಖ ನೋಡಿ. "ನೀನು ಹೇಗಿದ್ದೀಯಮ್ಮ?" ಎಂದು ಕೇಳಿ. "ಚೆನ್ನಾಗಿದ್ದೀನಿ" ಎಂದ ಕೂಡಲೇ ಎದ್ದು ಬರಬೇಡಿ, ಇನ್ನೊಂದು ಉತ್ತರ ಬರುವವರೆಗೆ ಕೂತಿರಿ.

ಎಲ್ಲ ತಾಯಂದಿರೂ ಎಲ್ಲ ಹಸುಗೂಸುಗಳೂ ಕ್ಷೇಮವಾಗಿರಲಿ. ಸರ್ವರಿಗೂ ಮಂಗಳವಾಗಲಿ.
ನಮೋ ಬುದ್ಧಾಯ, ಜೈ ಭೀಮ್ 🙏