ಎಂಜಲು ಎಂದರೆ ಏನು?

ಪರದೇಶದಿಂದ ಬಂದ ಗೆಳೆಯನಿಗೆ ನಮ್ಮ ರೀತಿನೀತಿ ತಿಳಿಸಿಕೊಡುವುದು ಒಳ್ಳೆಯ ಕೆಲಸ ಎನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಛತ್ರಪತಿ ಸಂಭಾಜಿನಗರದಲ್ಲಿರುವ ಕನ್ನಡಿಗನೊಬ್ಬ ಯೆಮನ್‌ನ ವಿದ್ಯಾರ್ಥಿಗೆ ‘ನಮ್ಮಲ್ಲಿ ಹೀಗೆ’ ಎಂದು ಹೇಳಹೊರಟಾಗ, ಆ ‘ನಮ್ಮಲ್ಲಿ’ ಎಂಬ ಮಾತೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ವಾಳೂಜ್‌ನ ಕಾರ್ಖಾನೆಗೆ ಬಂದು ಹನ್ನೊಂದು ವರ್ಷವಾದರೂ ನನ್ನ ಮರಾಠಿಯನ್ನು ಕೇಳಿದವರು ಎರಡನೇ ವಾಕ್ಯಕ್ಕೇ ‘ಗಾವ್ ಕುಠಲಂ?’ ಎನ್ನುತ್ತಾರೆ. ನಾನೇ ಅರ್ಧ ಅತಿಥಿ. ಅತಿಥಿಗೆ ಅತಿಥಿ ದಾರಿ ತೋರಿಸುವ ಪ್ರಸಂಗ ಇದು.

ಇದರಿಂದ ಒಂದು ಲಾಭವೂ ಇದೆ. ಹುಟ್ಟಿದೂರಲ್ಲೇ ಇರುವವರಿಗೆ ಕಾಣದ್ದು ನಮಗೆ ಕಾಣುತ್ತದೆ. ಹೊರಡುವಾಗ ಮರಾಠಿಯವರು ‘ಯೇತೋ’ ಅನ್ನುತ್ತಾರೆ, ನಾವು ‘ಬರ್ತೀನಿ’ ಅನ್ನುತ್ತೇವೆ. ಬರುತ್ತೇನೆ ಎಂದು ಹೇಳಿ ಹೋಗಿಬಿಡುವ ಈ ಜನರ ಬಗ್ಗೆ ಗೆಳೆಯ ಮೊದಲ ತಿಂಗಳು ಬಹಳ ತಲೆ ಕೆಡಿಸಿಕೊಂಡಿದ್ದ. ‘ಜೇವಣ್ ಝಾಲಂ ಕಾ?’ ಎಂದರೆ ಊಟಕ್ಕೆ ಕರೆದ ಹಾಗಲ್ಲ ಎಂದೂ ಹೇಳಬೇಕಾಯಿತು. ವೀಸಾ ನೂರೆಂಬತ್ತು ದಿನಕ್ಕಿಂತ ಹೆಚ್ಚಿನದಾದರೆ ಬಂದ 14 ದಿನದೊಳಗೆ ನೋಂದಣಿ ಮಾಡಿಸಬೇಕು, ಮನೆ ಕೊಟ್ಟವರು ಫಾರ್ಮ್ ತುಂಬಬೇಕು. ಇವೆಲ್ಲ ಸಲೀಸು. ಹೇಳಿದರೆ ಮುಗಿಯಿತು.

ಮುಗಿಯದೇ ಉಳಿದದ್ದು ಎಂಜಲು. ಅವರಲ್ಲಿ ದೊಡ್ಡದೊಂದು ತಟ್ಟೆಯ ಸುತ್ತ ಕೂತು ಎಲ್ಲರೂ ಕೈ ಹಾಕಿ ಉಣ್ಣುವುದೇ ಪ್ರೀತಿ. ಇಲ್ಲಿ ಬಾಟಲಿಗೆ ತುಟಿ ತಾಗಿಸಿ ನೀರು ಕುಡಿದು ಪಕ್ಕದವನಿಗೆ ಕೊಟ್ಟರೆ ಪಕ್ಕದವನ ಮುಖ ಬದಲಾಗುತ್ತದೆ. ಮರಾಠಿಯಲ್ಲಿ ಅದಕ್ಕೆ ‘ಉಷ್ಟಂ’ ಎನ್ನುತ್ತಾರೆ. ಯಾಕೆ ಎಂದು ಅವನು ಕೇಳಿದ. ಶುಚಿತ್ವ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅದು ಪೂರ್ತಿ ನಿಜವಲ್ಲವಲ್ಲ. ತಾಯಿಯ ಎಂಜಲು ಮಗುವಿಗೆ ಆಗುತ್ತದೆ, ಮನೆಗೆಲಸದವಳಿಗೆ ಚಹಾ ಕೊಡುವ ಲೋಟ ಮಾತ್ರ ಎಷ್ಟೋ ಮನೆಗಳಲ್ಲಿ ಬೇರೆಯೇ ಇರುತ್ತದೆ. ಎಂಜಲಿನ ಅರ್ಥ ಹೇಳಹೊರಟರೆ ಜಾತಿಯ ಅರ್ಥ ಹೇಳಬೇಕು. ಅದನ್ನು ಬಿಟ್ಟು ಬರೀ ನಿಯಮ ಕಲಿಸಿದರೆ, ಅವನು ಒಂದು ದಿನ ಯಾರದೋ ಮನೆಯಲ್ಲಿ ಆ ಬೇರೆ ಲೋಟವನ್ನು ತಾನೇ ಎತ್ತಿ ಕೊಡುತ್ತಾನೆ, ತಾನು ಸಭ್ಯನಾಗಿದ್ದೇನೆ ಎಂದುಕೊಂಡು.

ಕೋಣೆ ಹುಡುಕುವಾಗ ಇದೇ ಪ್ರಶ್ನೆ ಇನ್ನೂ ಒರಟಾಗಿ ಬಂತು. ಫೋನಿನಲ್ಲಿ ಒಪ್ಪಿದ್ದ ಮನೆಯವರು ಹೆಸರು ಕೇಳಿದ ಮೇಲೆ ‘ನಮ್ಮ ತಮ್ಮ ಬರ್ತಿದಾನೆ’ ಎಂದರು. ಎರಡನೆಯವರಿಗೂ ತಮ್ಮ ಬರುವವನಿದ್ದ. ಇಲ್ಲಿ ಹೀಗೇ, ಹೊಂದಿಕೊಳ್ಳಬೇಕಪ್ಪಾ, ಎಂದು ಹೇಳುವುದು ಸಹಾಯವೇ? ಹಾಗೆ ಹೇಳಿದವನು ಗೆಳೆಯನ ಪರವಾಗಿದ್ದಾನೋ, ಮನೆ ಮಾಲೀಕನ ಪರವಾಗಿದ್ದಾನೋ? ನನಗನಿಸುವುದು ಇಷ್ಟು: ಒಂದು ಊರು ಹೇಗಿದೆ ಎಂದು ಹೇಳುವುದು ಒಂದು ಕೆಲಸ, ಹಾಗಿರುವುದೇ ಸರಿ ಎಂದು ಒಪ್ಪಿಸುವುದು ಬೇರೊಂದು ಕೆಲಸ. ಗೆಳೆತನಕ್ಕೆ ಮೊದಲನೆಯದರ ಹಕ್ಕಿದೆ. ಎರಡನೆಯದರ ಹಕ್ಕಿಲ್ಲ.

ಎರಡನೆಯದನ್ನು ಬಹಳ ಶ್ರದ್ಧೆಯಿಂದ ಮಾಡಿದ ಜಾಗವೊಂದು ನಾಶಿಕದಲ್ಲಿದೆ. ಇವತ್ತು ಶರಣಪುರ ರೋಡ್ ಎಂದರೆ ಅಂಗಡಿ, ಬ್ಯಾಂಕು, ಟ್ರಾಫಿಕ್ಕು. ಶರಣಪುರ 1850ರ ದಶಕದಲ್ಲಿ ಮಿಷನರಿಗಳು ಕಟ್ಟಿದ ಊರು. ಅರಬ್ಬೀ ಸಮುದ್ರದಲ್ಲಿ ಗುಲಾಮರ ಹಡಗುಗಳಿಂದ ಬ್ರಿಟಿಷ್ ನೌಕಾಪಡೆ ಬಿಡಿಸಿದ ಆಫ್ರಿಕದ ಮಕ್ಕಳನ್ನು ಇಲ್ಲಿಗೆ ತಂದರು. ಊಟ, ಬಟ್ಟೆ, ಓದು, ಬಡಗಿ ಕೆಲಸ, ಕಮ್ಮಾರಿಕೆ, ಜೊತೆಗೆ ಹೊಸ ಧರ್ಮ, ಹೊಸ ಹೆಸರು. ಯಾವೋ ಬುಡಕಟ್ಟಿನ ಒಬ್ಬ ಹುಡುಗ ಇಲ್ಲಿ ಜೇಕಬ್ ವೈನ್‌ರೈಟ್ ಆದ. 1873ರಲ್ಲಿ ಲಿವಿಂಗ್‌ಸ್ಟನ್ ಆಫ್ರಿಕದ ನಡುವೆ ತೀರಿಕೊಂಡಾಗ ಆ ದೇಹವನ್ನು ಕರಾವಳಿಗೆ ಹೊತ್ತು ತಂದವರಲ್ಲಿ ಅವನಿದ್ದ. 1874ರ ಏಪ್ರಿಲ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲೂ ಇದ್ದ. ಮುಂದೆ ಶರಣಪುರದ ಹಲವರನ್ನು ಮೊಂಬಾಸಾ ಬಳಿಯ ಫ್ರಿಯರ್ ಟೌನ್‌ಗೆ ಕಳಿಸಿದರು. ಆಫ್ರಿಕದಲ್ಲಿ ಅವರನ್ನು ಕರೆದದ್ದು ‘ಬಾಂಬೆ ಆಫ್ರಿಕನ್ನರು’ ಎಂದು. ಸ್ವಂತ ನೆಲದಲ್ಲೇ ಪರಊರಿನವರು!

ಅವರನ್ನು ಸಾಕಿದವರು ಕೆಟ್ಟವರಲ್ಲ. ಆ ಮಕ್ಕಳಿಗೆ ಬೇರೆ ಆಸರೆಯೂ ಇರಲಿಲ್ಲ. ಆದರೆ ಬದಲಾಗಬೇಕಾದದ್ದು ಮಕ್ಕಳು ಮಾತ್ರ, ಸಾಕಿದವರಲ್ಲ ಎಂಬುದು ಅಲ್ಲಿ ಮೊದಲೇ ತೀರ್ಮಾನವಾಗಿತ್ತು. ಪೂರ್ತಿ ಹೊಂದಿಕೊಂಡರೆ ಊರು ಒಪ್ಪಿಕೊಳ್ಳುತ್ತದೆ ಎಂಬ ಭರವಸೆಯನ್ನೂ ನಾನು ಅಷ್ಟಾಗಿ ನಂಬುವುದಿಲ್ಲ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳು ತಲೆಮಾರುಗಳಿಂದ ಇಲ್ಲಿಯವರು. ಅವರನ್ನು ಬಸ್ಸಿನಲ್ಲಿ ‘ಯಾವ ದೇಶ?’ ಎಂದು ಕೇಳುವವರು ಇಂದಿಗೂ ಇದ್ದಾರೆ, ಅದೂ ಇಂಗ್ಲಿಷಿನಲ್ಲಿ.

ಇನ್ನು ಸಂಭಾಜಿನಗರವನ್ನೇ ನೋಡಿ. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ದಖ್ಖನ್ನಿಗೆ ಬಂದ ಮಲಿಕ್ ಅಂಬರ್ 1610ರಲ್ಲಿ ಖಡ್ಕಿ ಎಂದು ಕಟ್ಟಿದ ಊರು ಇದು. ನಡುವೆ ಕೆಲಕಾಲ ನಮ್ಮ ವಿಜಯಪುರದ ಆದಿಲ್‌ಶಾಹಿಯ ಚಾಕರಿಯನ್ನೂ ಮಾಡಿದವನು. ಅವನೂ ಬದಲಾಗದೆ ಉಳಿದವನಲ್ಲ, ಅಂಬರ್ ಎಂಬ ಹೆಸರೇ ಯಜಮಾನನೊಬ್ಬ ಇಟ್ಟದ್ದು. ಆದರೆ ಬೆಟ್ಟದ ಕಡೆಯಿಂದ ನೆಲದೊಳಗಿನ ಕಾಲುವೆಯಲ್ಲಿ ಊರಿಗೆ ನೀರು ಹರಿಸಿದ ನಹರ್-ಎ-ಅಂಬರಿ ಅವನದು. ‘ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ’ ಎಂಬ ನಮ್ಮ ಗಾದೆಯಲ್ಲಿ ಒಂದು ಠೀವಿ ಇದೆ: ಬಾವಿ ನಮ್ಮದು, ಅವಳು ಬರಲೇಬೇಕು. ಇಲ್ಲಿ ನೀರು ತಂದವನೇ ಹೊರಗಿನಿಂದ ಬಂದವನು.

ಎಂಜಲಿನ ವಿಷಯವನ್ನು ಗೆಳೆಯನಿಗೆ ಲೋಟದ ಸಮೇತ ಹೇಳಿದೆ. ಎಲ್ಲಿ ಪಾಲಿಸಬೇಕು, ಎಲ್ಲಿ ಬೇಡ ಎನ್ನುವುದನ್ನು ಅವನಿಗೇ ಬಿಟ್ಟೆ. ಕೋಣೆ ಕೊನೆಗೆ ಹಳೇ ಊರಿನ ಕಡೆ ಸಿಕ್ಕಿತು. ರಂಜಾನಿನಲ್ಲಿ ನಮ್ಮನ್ನು ಊಟಕ್ಕೆ ಕರೆದಿದ್ದ. ನಡುವೆ ಅವರ ದೊಡ್ಡ ತಟ್ಟೆ, ಗೋಡೆಯ ಬದಿಗೆ ನಾಲ್ಕು ಸ್ಟೀಲ್ ತಟ್ಟೆ. ಯಾರಿಗೆ ಎಂದು ಅವನು ಹೇಳಲಿಲ್ಲ. ಬೇರೆ ತಟ್ಟೆ ತೆಗೆದುಕೊಳ್ಳುವವರು ಒಬ್ಬರೇ ಆಗಿ ಮುಜುಗರಪಡಬಾರದೆಂದು, ಮೊದಲ ಸ್ಟೀಲ್ ತಟ್ಟೆಯನ್ನು ತಾನೇ ಎತ್ತಿಕೊಂಡು ಕೂತ.