ತಾರೀಖಿನ ಬೆಲೆ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಫಿಲಿಪಿನೋ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಊರಿಗೆ ಹೋಗುವ ತಯಾರಿ ಸೆಪ್ಟೆಂಬರಿನಲ್ಲೇ ಶುರುವಾಗುತ್ತದೆ. ಮೊದಲು ಹೊರಡುವುದು ಮನುಷ್ಯರಲ್ಲ, ಪೆಟ್ಟಿಗೆ. ಬಾಲಿಕ್‌ಬಾಯನ್ ಬಾಕ್ಸ್ ಎಂದು ಅದರ ಹೆಸರು. ಮೊಣಕಾಲು ದಾಟುವ ಎತ್ತರದ ರಟ್ಟಿನ ಡಬ್ಬ. ಹಡಗಿನಲ್ಲಿ ಹೋಗುವ ಇದಕ್ಕೆ ತೂಕ ಲೆಕ್ಕವಿಲ್ಲ, ಡಬ್ಬಕ್ಕೆ ಇಷ್ಟು ಎಂದು ದರ. ಹಾಗಾಗಿ ಗಾಳಿಗೂ ಜಾಗ ಬಿಡದಂತೆ ತುಂಬುತ್ತಾರೆ. ತಳದಲ್ಲಿ ಟಿನ್ ಮಾಂಸ, ಬೂಟಿನೊಳಗೆ ಸೋಪು, ಸೋಪಿನ ಸಂದಿಗೆ ಟೂತ್‌ಪೇಸ್ಟು, ಶಾಂಪೂ ಬಾಟಲಿಗೆ ಸುತ್ತಿದ ಟವೆಲ್ಲು, ಉಳಿದ ಮೂಲೆಮೂಲೆಗೆ ಚಾಕಲೇಟು. ಮೇಲೆ ಯಾರಾದರೂ ಕೂತು ಅದುಮಿ ಹಿಡಿದರೆ ಇನ್ನೊಬ್ಬರು ಟೇಪು ಸುತ್ತುತ್ತಾರೆ. ಮನಿಲಾ ಮುಟ್ಟಲು ತಿಂಗಳ ಮೇಲಾಗುತ್ತದೆ. ಅದಕ್ಕೇನು ಅವಸರವಿಲ್ಲ, ಆದ್ದರಿಂದಲೇ ಅಗ್ಗ.

ಅವಸರವೆಲ್ಲ ಡಬ್ಬ ಕಳಿಸಿದವರಿಗೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಮನಿಲಾಕ್ಕೆ ಸುಮಾರು 11,000 ಕಿಲೋಮೀಟರ್. ಫೆಬ್ರವರಿಯಲ್ಲೂ ಅಷ್ಟೇ, ಡಿಸೆಂಬರಿನಲ್ಲೂ ಅಷ್ಟೇ. ಅದೇ ಸೀಟು, ಅದೇ ಕೋಳಿಯೋ ಮೀನೋ ಎಂಬ ಪ್ರಶ್ನೆ. ಆದರೆ ಡಿಸೆಂಬರ್ ಮಧ್ಯದ ಟಿಕೆಟ್ಟಿನ ದರ ಫೆಬ್ರವರಿಯ ಇಮ್ಮಡಿಯ ಹತ್ತಿರ ಹೋಗುವುದುಂಟು. 16ನೇ ತಾರೀಖಿನಿಂದ ಬೆಳಗಿನ ಜಾವದ ಸಿಂಬಾಂಗ್ ಗಾಬಿ ಪ್ರಾರ್ಥನೆಗಳು ಶುರು. ಒಂಬತ್ತು ದಿನವೂ ತಪ್ಪಿಸಬಾರದೆಂದು ನಂಬಿದವರಿದ್ದಾರೆ. ವಿಮಾನ ಸಂಸ್ಥೆಗಳಿಗೆ ಈ ನಂಬಿಕೆಯ ಗೊಡವೆಯಿಲ್ಲ. ಆದರೆ ಯಾವ ವಾರ ಜನ ಎಷ್ಟು ಕೇಳಿದರೂ ಕೊಡುತ್ತಾರೆ ಎಂಬುದು ಅವಕ್ಕೆ ಚೆನ್ನಾಗಿ ಗೊತ್ತು.

ಈ ಲೆಕ್ಕ ಶುರುವಾದದ್ದು ತೀರ ಹಿಂದೇನಲ್ಲ. 1936ರಲ್ಲಿ ಪ್ಯಾನ್ ಅಮೆರಿಕನ್ ಸಂಸ್ಥೆಯ ಕ್ಲಿಪ್ಪರ್ ವಿಮಾನ ಹೊನೊಲುಲು, ಮಿಡ್‌ವೇ, ವೇಕ್, ಗುವಾಮ್ ದ್ವೀಪಗಳಲ್ಲಿ ಇಳಿದು ಏಳುತ್ತ ಮನಿಲಾ ತಲುಪುತ್ತಿತ್ತು. ಹೋಗುವುದಕ್ಕೆ ಮಾತ್ರ 799 ಡಾಲರ್. ಸಿರಿವಂತರಿಗಷ್ಟೇ ಎಟುಕುವ ಮೊತ್ತ. ಆದರೂ ಅದರಲ್ಲಿ ಒಂದು ನೇರವಂತಿಕೆಯಿತ್ತು: ದೂರಕ್ಕೆ ಇಷ್ಟು, ತೆತ್ತರೆ ಹತ್ತು. ಅದು ಬದಲಾಗತೊಡಗಿದ್ದು ಆಮೇಲೆ. 1972ರಲ್ಲಿ ಬ್ರಿಟನ್ನಿನ ಬಿಒಎಸಿ ವಿಮಾನ ಸಂಸ್ಥೆಯಲ್ಲಿದ್ದ ಕೆನ್ ಲಿಟಲ್‌ವುಡ್ ಒಂದು ಸೂತ್ರ ಬರೆದರು. ಇವತ್ತು ಅಗ್ಗಕ್ಕೆ ಕೇಳುತ್ತಿರುವವನಿಗೆ ಸೀಟು ಕೊಡಬೇಕೋ, ನಾಳೆ ದುಬಾರಿ ತೆರುವವನು ಬಂದಾನೆಂದು ಕಾದಿಡಬೇಕೋ ಎಂಬುದನ್ನು ಸಂಭವನೀಯತೆಯ ಗಣಿತದಿಂದ ತೀರ್ಮಾನಿಸುವ ಸೂತ್ರ. ಆಮೇಲೆ ಬಂದದ್ದು ಶನಿವಾರದ ಷರತ್ತು: ಹೋದ ಊರಲ್ಲಿ ಒಂದು ಶನಿವಾರ ರಾತ್ರಿ ಕಳೆದರೆ ಮಾತ್ರ ಕಡಿಮೆ ದರ. ವ್ಯವಹಾರಕ್ಕೆ ಹೋದವನು ವಾರಾಂತ್ಯಕ್ಕೆ ಮನೆ ಸೇರಲು ಹವಣಿಸುತ್ತಾನೆ. ನೆಂಟರ ಮನೆಗೆ ಹೋದವನು ಉಳಿಯುತ್ತಾನೆ. ಯಾಕೆ ಹೊರಟಿರಿ ಎಂದು ಬಾಯಿಬಿಟ್ಟು ಕೇಳದೆಯೇ ಉತ್ತರ ತೆಗೆದುಕೊಂಡ ಈ ಉಪಾಯವನ್ನು ನಾನು ಮೆಚ್ಚುತ್ತೇನೆ, ತುಸು ಭಯದಿಂದ.

ಹಾಗೆ ನೋಡಿದರೆ, ಮನಿಲಾದ ದಾರಿಯಲ್ಲಿ ಜಾಗವನ್ನೇ ಸರಕು ಮಾಡಿ ಮಾರುವುದು ಹಳೆಯ ಕಸುಬು. 1565ರಿಂದ 1815ರವರೆಗೆ ಮೆಕ್ಸಿಕೋದ ಅಕಾಪುಲ್ಕೋಗೂ ಮನಿಲಾಕ್ಕೂ ನಡುವೆ ಸ್ಪೇನಿನ ಗ್ಯಾಲಿಯನ್ ಹಡಗುಗಳು ಓಡಾಡಿದವು. ಹಡಗಿನ ಹೊಟ್ಟೆಯನ್ನು ಸಮಪಾಲುಗಳಾಗಿ ಅಳೆದು, ಮನಿಲಾದ ಸ್ಪ್ಯಾನಿಷ್ ನಾಗರಿಕರಿಗೆ ಬೊಲೆತಾ ಎಂಬ ಚೀಟಿ ಹಂಚುತ್ತಿದ್ದರು. ಕಳಿಸಲು ಸರಕಿಲ್ಲದ ವಿಧವೆಯರೂ ಚೀಟಿ ಪಡೆದು ವ್ಯಾಪಾರಿಗಳಿಗೆ ಮಾರಿಕೊಳ್ಳುತ್ತಿದ್ದರು. ಇನ್ನೊಂದು ಸ್ವಾರಸ್ಯವೆಂದರೆ, ಆಗ ಮನಿಲಾಕ್ಕೆ ಬರುವುದೇ ಸುಲಭ: ಗಾಳಿ ಬೆನ್ನಿಗಿರುತ್ತಿತ್ತು, ಮೂರು ತಿಂಗಳು ಸಾಕು. ಹಿಂದಿರುಗಲು ಬಡಗಣ ದಿಕ್ಕಿಗೆ ಏರಿ ಪಡುವಣ ಗಾಳಿ ಹಿಡಿಯಬೇಕು; ನಾಲ್ಕರಿಂದ ಆರು ತಿಂಗಳು. ಈಗ ತಿರುಗುಮುರುಗು. ಮನಿಲಾದತ್ತ ಹೊರಟ ವಿಮಾನಕ್ಕೆ ಎದುರುಗಾಳಿ, ಹದಿನಾಲ್ಕು ತಾಸು. ಅಮೆರಿಕದತ್ತ ಮರಳುವಾಗ ಅದೇ ಗಾಳಿ ತಳ್ಳುತ್ತದೆ, ಒಂದೆರಡು ತಾಸು ಉಳಿತಾಯ.

ಅಗ್ಗದ ಟಿಕೆಟ್ಟು ಹುಡುಕುವ ಕಲೆಯ ಬಗ್ಗೆ ಉಪದೇಶ ಮಾಡುವವರಿಗೆ ಬರವಿಲ್ಲ. ಮಂಗಳವಾರ ಹುಡುಕಿ, ಮಧ್ಯರಾತ್ರಿ ಹುಡುಕಿ ಎನ್ನುತ್ತಾರೆ, ನಂಬುವಂಥದ್ದು ಅಲ್ಪ. ಉಪಯೋಗಕ್ಕೆ ಬರುವುದು ಒಂದೆರಡೇ: ನೇರ ವಿಮಾನ ಬಿಟ್ಟು ತೈಪೆ, ಸಿಯೋಲ್ ಅಥವಾ ಗುವಾಂಗ್‌ಝೌ ಮೂಲಕ ಹೋಗುವುದು, ವಾರದ ನಡುವೆ ಹೊರಡುವುದು. ಬೇರೆಬೇರೆ ಟಿಕೆಟ್ಟು ಜೋಡಿಸಿ ಉಳಿಸಹೊರಟರೆ ಮೊದಲ ವಿಮಾನ ತಡವಾದಾಗ ಎರಡನೆಯದರ ದುಡ್ಡು ಗಂಗಾರ್ಪಣ. ಇದೆಲ್ಲದರ ಬುಡದಲ್ಲಿರುವುದು ಒಂದೇ ವಿಚಾರಣೆ: ನಿಮ್ಮ ಯಾವ ದಿನವನ್ನು ಜರುಗಿಸಬಹುದು, ಯಾವುದನ್ನು ಆಗದು? ಪರದೆಯ ಮೇಲೆ ತಿಂಗಳ ಕ್ಯಾಲೆಂಡರು ತೆರೆದು ಒಂದೊಂದೇ ದಿನದ ದರ ನೋಡುತ್ತ ಹೋದಾಗ, ಪ್ರಾಣ ಹೋದರೂ ಬಿಡೆನೆಂದುಕೊಂಡಿದ್ದ ಎಷ್ಟೋ ದಿನಗಳು ಇನ್ನೂರು ಡಾಲರಿಗೆ ಸಡಿಲವಾಗುತ್ತವೆ. ಕೆಲವು ಆಗುವುದಿಲ್ಲ. ಎರಡರ ನಡುವಿನ ಗೆರೆ ನಾವು ಎಣಿಸಿದ ಕಡೆ ಇರುವುದಿಲ್ಲ. ಅಷ್ಟರಮಟ್ಟಿಗೆ ಆ ಕ್ಯಾಲೆಂಡರು ನಮಗೇ ಗೊತ್ತಿಲ್ಲದ ನಮ್ಮ ಮನಸ್ಸನ್ನು ಹೊರಗೆಳೆಯುತ್ತದೆ.

ನನಗೆ ಪರಿಚಯದ ಒಬ್ಬ ನರ್ಸ್ ಕ್ರಿಸ್‌ಮಸ್ ರಾತ್ರಿ ಆಸ್ಪತ್ರೆಯಲ್ಲಿ ಹೆಚ್ಚಿನ ಸಂಬಳದ ಪಾಳಿ ಮಾಡಿ, ಜನವರಿ ಎರಡನೇ ವಾರ ಮನಿಲಾಕ್ಕೆ ಹೊರಡುತ್ತಾಳೆ. ಆ ಹೊತ್ತಿಗೆ ನೂಕುನುಗ್ಗಲೆಲ್ಲ ಮನಿಲಾದಿಂದ ಹೊರಗೆ ಬರುವ ವಿಮಾನಗಳಲ್ಲಿ. ಒಳಗೆ ಹೋಗುವವುಗಳಲ್ಲಿ ಕಾಲು ಚಾಚಬಹುದು. ಅವಳ ತವರಿನ ತೊಂಡೊ ಬಡಾವಣೆಯಲ್ಲಿ ಜನವರಿಯ ಮೂರನೇ ಭಾನುವಾರ ಬಾಲಯೇಸುವಿನ ಹಬ್ಬ. ಅಲ್ಲಿಯವರೆಗೆ ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್ ನಕ್ಷತ್ರ ಇಳಿಸುವುದೇ ಇಲ್ಲ. ಹಬ್ಬ ಅಷ್ಟು ಉದ್ದಕ್ಕಿರುವುದು ಅವಳ ಕಿಸೆಗೆ ಅನುಕೂಲವಾಗಿದೆ.

ಸಾವಿಗೆ ಇಂಥ ಸೌಕರ್ಯವಿಲ್ಲ. ತಾಯಿ ತೀರಿಕೊಂಡ ಸುದ್ದಿ ಬಂದವನೂ ಕರಾರಿಗೆ ಸಹಿ ಹಾಕಲು ಹೊರಟವನೂ ದರ ಹೇಳುವ ಯಂತ್ರಕ್ಕೆ ಒಂದೇ ಜಾತಿ: ನಾಳೆಯೇ ಹೊರಡಬೇಕಾದವರು. ಅಂಥ ಸಂದರ್ಭಕ್ಕೆಂದು ಹಿಂದೆ ಕೊಡುತ್ತಿದ್ದ ರಿಯಾಯಿತಿಯನ್ನು ಅಮೆರಿಕದ ಹಲವು ಸಂಸ್ಥೆಗಳು ನಿಲ್ಲಿಸಿಬಿಟ್ಟಿವೆ. ಲಿಟಲ್‌ವುಡ್ ಸೂತ್ರದಲ್ಲಿ ತಪ್ಪಿಲ್ಲ, ಅದು ಕೇಳಿದ ಲೆಕ್ಕಕ್ಕೆ ಉತ್ತರ ಕೊಡುತ್ತದೆ. ಯಾರ ಅಗತ್ಯ ಎಲ್ಲಕ್ಕಿಂತ ಹೆಚ್ಚೋ ಅವರಿಂದಲೇ ಎಲ್ಲಕ್ಕಿಂತ ಹೆಚ್ಚು ವಸೂಲಾಗುತ್ತದೆ ಎಂಬುದು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ.

ಫಿಲಿಪಿನೋಗಳು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಅವರಲ್ಲಿ ಲಾಮಾಯ್ ಎಂಬ ಜಾಗರಣೆಯಿದೆ. ಶವವನ್ನು ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯನ್ನು ಮನೆಯಲ್ಲೋ ಚರ್ಚಿನ ಪಕ್ಕದ ಕೋಣೆಯಲ್ಲೋ ಇಟ್ಟು, ರಾತ್ರಿಯಿಡೀ ಯಾರಾದರೊಬ್ಬರು ಎದ್ದಿರುತ್ತಾರೆ. ಬಂದವರಿಗೆ ಕಾಫಿ, ಬಿಸ್ಕತ್ತು, ಅಂಗಳದಲ್ಲಿ ಇಸ್ಪೀಟು. ಸಾಮಾನ್ಯವಾಗಿ ಕೆಲವು ದಿನ. ಮಗಳು ದುಬೈಯಲ್ಲೋ ಲಾಸ್ ಏಂಜಲೀಸಿನಲ್ಲೋ ಇದ್ದರೆ, ರಜೆ ಮತ್ತು ಟಿಕೆಟ್ಟು ಸಿಗುವವರೆಗೆ ವಾರ ದಾಟಿಯೂ ಕಾಯುತ್ತಾರೆ. ಅಲ್ಲಿ ಸತ್ತವರೂ ತಮ್ಮ ತಾರೀಖು ಜರುಗಿಸಿಕೊಡುತ್ತಾರೆ.

ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಅದೇ ದಿನ ಅಂತ್ಯಸಂಸ್ಕಾರ. ಸ್ಯಾನ್ ಹೊಸೆಯಲ್ಲಿರುವ ಕನ್ನಡದ ಮಗ ಎಷ್ಟೇ ದುಡ್ಡು ಸುರಿದರೂ ಮುಖ ನೋಡಲು ಸಿಗುತ್ತಿರಲಿಲ್ಲ. ಹನ್ನೊಂದನೇ ದಿನಕ್ಕೆ ಬಂದು ತಲೆ ಬೋಳಿಸಿಕೊಳ್ಳುತ್ತಿದ್ದ. ಈಗ ಬೆಂಗಳೂರು, ಮೈಸೂರು ಬಿಡಿ, ಸಣ್ಣ ಪೇಟೆಗಳಲ್ಲೂ ಫ್ರೀಜರ್ ಬಾಡಿಗೆಗೆ ಬರುತ್ತದೆ. ನಡುಮನೆಯಲ್ಲಿ ಅದನ್ನಿಟ್ಟು ವೈರು ಎಳೆದು, ದೇವನಹಳ್ಳಿಯಲ್ಲಿ ವಿಮಾನ ಇಳಿಯುವ ಹೊತ್ತು ನೋಡಿಕೊಂಡು ಎತ್ತುವ ಹೊತ್ತು ಗೊತ್ತುಮಾಡುತ್ತಾರೆ. ಹೆಣ ಕಾಯಿಸಬಾರದು ಎಂದು ಹಿರಿಯರು ಗೊಣಗುತ್ತಾರೆ. ಅವರ ಮಾತಿನಲ್ಲಿ ಶಾಸ್ತ್ರವಿರಬಹುದು. ನನ್ನ ಒಲವು ಫ್ರೀಜರಿನ ಕಡೆಗೆ, ಮತ್ತು ಅದರ ಬಾಡಿಗೆ ಗಂಟೆಗೆ ಎಷ್ಟು ಎಂದು ಆ ಹೊತ್ತಿನಲ್ಲೂ ಚೌಕಾಸಿ ಮಾಡುವ ಆ ಮನೆಯ ಸೋದರಮಾವನ ಕಡೆಗೆ.